ಡಬ್ಬಿಗೆ ಎರಡು ತೂತು

ಮೇಟಾ ಆ ಚೀಟಿಗೆ ಇಸ್ತ್ರಿ ಹಾಕುತ್ತಿದ್ದಳು. ಅದು ಸಾಲ್ಮನ್ ಮೀನಿನ ಡಬ್ಬಿಯಿಂದ ನೆನೆಸಿ ಬಿಡಿಸಿದ ಚೀಟಿ. ಒಂದು ಬದಿಗೆ ಕೆಂಪು ಮೀನಿನ ಚಿತ್ರ, ಇನ್ನೊಂದು ಬದಿಗೆ ಪೆನ್ಸಿಲಿನಲ್ಲಿ ಬರೆದ ಹತ್ತು ಸಾಲು ಇಂಗ್ಲಿಷು. ಗಂಡನ ಕೋಟಿನ ಒಳಜೇಬಿನಲ್ಲಿ ಒಂದೂಮುಕ್ಕಾಲು ವರ್ಷ ನಾಲ್ಕು ಮಡಿಕೆಯಾಗಿ ಬಿದ್ದಿದ್ದ ಅದರ ಮೇಲೆ ತೆಳುವಾದ ಬಟ್ಟೆ ಹಾಸಿ, ಎಲ್ಲಿ ಸುಟ್ಟುಹೋಗುತ್ತದೋ ಎಂದು ಉಸಿರು ಬಿಗಿಹಿಡಿದು ಇಸ್ತ್ರಿಪೆಟ್ಟಿಗೆ ಆಡಿಸುತ್ತಿದ್ದಳು.

"ಇಂಥದ್ದೊಂದನ್ನ ಜೇಬಲ್ಲಿಟ್ಕೊಂಡು ಸುಮ್ನೆ ಕೂತಿದ್ದೆಯಲ್ಲ ಆಲ್ವಿನ್, ನಿನ್ನಂಥ ಪೆದ್ದ ಈ ಊರಲ್ಲಿ ಇನ್ನೊಬ್ಬನಿಲ್ಲ. ಎದುರು ಬೀದಿ ಕಟುಕನ್ನ ನೋಡು. ಪಾದ್ರಿ ಕೈಲಿ ಒಂದು, ಸೂಲಗಿತ್ತಿ ಕೈಲಿ ಒಂದು, ಒಟ್ಟು ಏಳು ಕಾಗದ ಬರೆಸ್ಕೊಂಡು ಸಮಿತಿ ಮುಂದೆ ಹೋದ. ಎಲ್ಲದರಲ್ಲೂ ಅವನು ದೇವರಂಥ ಮನುಷ್ಯ! ಅಂಗಡಿ ತೆಗೆದು ಎರಡು ತಿಂಗಳಾಯ್ತು. ನಿನ್ನ ಹತ್ರ ಶತ್ರು ಬರೆದುಕೊಟ್ಟಿದ್ದೇ ಇದೆ. ಅದಕ್ಕಿಂತ ಬೇಕಾ?"

ಆಲ್ವಿನ್ ರೋಡೆ ಬೂಟಿನ ದಾರ ಕಟ್ಟುತ್ತಿದ್ದ. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದ.

"ಅದಿಲ್ಲದೇನೇ ಆಗುತ್ತೇನೋ ನೋಡೋಣ," ಎಂದ.

"ಹೇಗಾಗುತ್ತೆ? ಮೂವತ್ತೇಳರಲ್ಲಿ, ಆಗ ಆಳ್ತಿದ್ದೋರ ಪಾರ್ಟಿಗೆ ಸೇರಿದ್ದು ನೀನಾ, ನಾನಾ? ಪಾರ್ಟೀಲಿದ್ದೋರನ್ನ ವಿಚಾರಿಸೋ ಸಮಿತಿಯವರು ಇವತ್ತು ಒಪ್ಪದೇ ಇದ್ರೆ ಅಂಗಡಿ ಪರವಾನಗಿ ಪೂರ್ವದಿಂದ ಓಡಿಬಂದಿರೋ ಆ ದಿನಸಿಯವನಿಗೆ ಹೋಗುತ್ತೆ. ಆಮೇಲೆ ನಮ್ಮ ಅಂಗಡೀಲೇ ನಾವು ಪಡಿತರ ಚೀಟಿ ಹಿಡ್ಕೊಂಡು ಸಾಲಲ್ಲಿ ನಿಲ್ಲೋದು. ತಗೋ, ಬಿಸಿಯಿದೆ, ಮಡಿಸಬೇಡ."

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ವೇಜರ್ ನದಿಯ ದಡದ ಆ ಸಣ್ಣ ಊರಿನಲ್ಲಿ ರೋಡೆಯವರ ದಿನಸಿ ಅಂಗಡಿ ಅವನ ಅಜ್ಜನ ಕಾಲದ್ದು. ಈಗ ಅದರ ಕಿಟಕಿಗೆ ಹಲಗೆ ಬಡಿದಿತ್ತು. ಗಂಡ ಹೆಂಡತಿ ಹಿಂದಿನ ಅಡುಗೆಮನೆಯಲ್ಲಿ ಟರ್ನಿಪ್ ಗೆಡ್ಡೆ ಬೇಯಿಸಿಕೊಂಡು ಒಂದು ವರ್ಷದಿಂದ ಬದುಕುತ್ತಿದ್ದರು. ಬೇಕಾಗಿದ್ದುದು ಒಂದು ಮುದ್ರೆ. ಮುದ್ರೆ ಬೀಳಿಸಬಲ್ಲ ಚೀಟಿ ಆಲ್ವಿನ್ನನ ಕೈಯಲ್ಲಿ ಬಿಸಿಬಿಸಿಯಾಗಿ ಇತ್ತು. ಆದರೆ ಅದನ್ನು ಬರೆದವನಿಗೆ ತಾನು ಸುಳ್ಳು ಹೇಳಿ ಬರೆಸಿಕೊಂಡದ್ದು ಆಲ್ವಿನ್ನನೊಬ್ಬನಿಗೇ ಗೊತ್ತಿತ್ತು.

ಪುರಸಭೆಯ ಕಟ್ಟಡಕ್ಕೆ ಹತ್ತು ನಿಮಿಷದ ದಾರಿ. ಆಲ್ವಿನ್ ಅದನ್ನು ಅರ್ಧ ಗಂಟೆ ನಡೆದ.

ಅವನಿಗೆ ಐವತ್ತೆರಡು ವರ್ಷವಾಗಿದ್ದಾಗ, ಬಲಗಾಲು ಸ್ವಲ್ಪ ಎಳೆಯುತ್ತಿದ್ದರೂ ಬಿಡದೆ, ಪಟ್ಟಾಳಕ್ಕೆ ಕರೆದು ಕಾವಲು ತುಕಡಿಗೆ ಹಾಕಿದ್ದರು. ದೂರದ ಸೈಲೀಸಿಯಾದಲ್ಲಿ ಯುದ್ಧಕೈದಿಗಳ ಶಿಬಿರ. ಬಂದೂಕು ಹಿಡಿಯಲು ಬಾರದ ಈ ಮನುಷ್ಯನಿಗೆ ದಿನಸಿ ಗೊತ್ತು ಎಂದು ತಿಳಿದ ಹವಾಲ್ದಾರ್ ಬೆನೆಕೆ ಅವನನ್ನು ಪಾರ್ಸೆಲ್ ಕೋಣೆಗೆ ನೇಮಿಸಿದ. ಬ್ರಿಟಿಷ್ ಕೈದಿಗಳಿಗೆ ರೆಡ್‌ಕ್ರಾಸಿನಿಂದ ಪೆಟ್ಟಿಗೆಗಳು ಬರುತ್ತಿದ್ದವು. ಮಾಂಸ, ಮೀನು, ಗಟ್ಟಿಹಾಲು, ಎಲ್ಲ ಡಬ್ಬಿಗಳಲ್ಲಿ. ಕೈದಿಗಳು ಡಬ್ಬಿಗಳನ್ನು ಕೂಡಿಟ್ಟುಕೊಂಡು ಓಡಿಹೋಗಬಾರದಲ್ಲ, ಅದಕ್ಕೆ ಬಾಗಿಲಿಗೆ ಒಂದು ನಿಯಮ ಅಂಟಿಸಿದ್ದರು: ಹಂಚುವಾಗ ಪ್ರತಿಯೊಂದು ಡಬ್ಬಿಗೂ ತೂತು ಹೊಡೆಯತಕ್ಕದ್ದು. ತೂತು ಬಿದ್ದ ಡಬ್ಬಿ ಎರಡು ಮೂರು ದಿನದಲ್ಲಿ ತಿನ್ನದಿದ್ದರೆ ಕೆಟ್ಟುಹೋಗುತ್ತದೆ. ನಿಯಮ ಕಟ್ಟಿದವನು ಬುದ್ಧಿವಂತನೇ.

ಹೀಗೆ ಪ್ರತಿ ಗುರುವಾರ ಆಲ್ವಿನ್ ಕೈಯಲ್ಲಿ ಮರದ ಹಿಡಿಯ ದಬ್ಬಳ, ಸಣ್ಣ ಸುತ್ತಿಗೆ. ಎದುರಿಗೆ ಡಬ್ಬಿ ಹಿಡಿದು ತಿರುಗಿಸಿ ಕೊಡಲು ಕೈದಿಗಳ ಪರವಾಗಿ ಮ್ಯಾಗ್ನಸ್ ಟುಲಕ್. ಸ್ಕಾಟ್ಲೆಂಡಿನ ಉತ್ತರ ತುದಿಯ ಯಾವುದೋ ದ್ವೀಪದವನು. ಕೆಂಗೂದಲು, ಬಕ್ಕತಲೆಗೆ ಹತ್ತಿರ, ನಾಲ್ಕು ವರ್ಷದ ಸೆರೆಯಲ್ಲಿ ಕಲಿತ ಜರ್ಮನ್ ಭಾಷೆ ಹಳ್ಳಿಗನದ್ದಾದರೂ ಚುರುಕು. ಅವನೂ ಊರಲ್ಲಿ ದಿನಸಿ ಅಂಗಡಿಯಲ್ಲಿ ಕೆಲಸಕ್ಕಿದ್ದವನೇ. ಅದು ತಿಳಿದ ದಿನದಿಂದ ಆಲ್ವಿನ್ನನನ್ನು ಅವನು ಕರೆದದ್ದು ಸಾಹುಕಾರ್ರೇ ಎಂದು.

"ಸಾಹುಕಾರ್ರೇ, ತೂತಿರೋ ಡಬ್ಬೀನ ಗಿರಾಕಿಗೆ ಕೊಟ್ಟಿದ್ರೆ ನಮ್ಮ ಯಜಮಾನ ನನ್ನ ಅಂಗಡಿ ಬಾಗಿಲಿಂದ ಒದ್ದು ಸಮುದ್ರಕ್ಕೇ ಹಾಕ್ತಿದ್ದ."

"ನಾನೂ ನಗ್ಗಿದ ಡಬ್ಬಿ ಇಟ್ಕೊಂಡವನಲ್ಲಯ್ಯ. ಹ್ಯಾಂಬರ್ಗಿಗೆ ವಾಪಸ್ ಕಳಿಸ್ತಿದ್ದೆ."

"ಕಳಿಸಿದ ಕೈ ಇದೇನಾ? ನೋಡಿ ಈಗ, ಏನು ಅಂದ, ಏನು ಗುರಿ! ಎರಡೂ ತೂತು ಎದುರುಬದುರು. ಟೈಲರ್ ಆಗಿದ್ರೆ ಕೋಟಿಗೆ ಗುಂಡಿ ತೂತು ಬಲು ಚೆನ್ನಾಗಿ ಹೊಲಿತಿದ್ರಿ."

ಆಲ್ವಿನ್ ನಗುತ್ತಿದ್ದ. ನಗುವಾಗ ಸ್ವಲ್ಪ ಹೆಮ್ಮೆಯೂ ಇರುತ್ತಿತ್ತು, ಅದನ್ನು ಮುಚ್ಚಿಡುವುದು ಬೇಡ. ಕೆಲಸ ಕೆಟ್ಟದ್ದೇ ಇರಲಿ, ಅಚ್ಚುಕಟ್ಟಾಗಿ ಮಾಡಿದರೆ ಮಾಡಿದವನ ಮನಸ್ಸು ತಣ್ಣಗಿರುತ್ತದೆ ಎಂದು ನಂಬಿದ್ದವರ ಪೈಕಿ ಅವನು. ಅವನು ಪೆಟ್ಟಿಗೆಯಿಂದ ಒಂದು ಒಣದ್ರಾಕ್ಷಿಯನ್ನೂ ಕದ್ದಿರಲಿಲ್ಲ. ಬೇರೆ ಕಾವಲಿನವರು ಚಾಕಲೇಟು ಹೊಡೆಯುತ್ತಿದ್ದಾಗ ಇವನು ಮುಖ ತಿರುಗಿಸಿ ಕೂರುತ್ತಿದ್ದ. ಮುಖ ತಿರುಗಿಸುವುದರಲ್ಲಿ ಅವನು ನಿಸ್ಸೀಮ. ತಂತಿಬೇಲಿಯ ಆಚೆ ರಷ್ಯನ್ ಕೈದಿಗಳ ಅಂಗಳ. ಅವರಿಗೆ ಪೆಟ್ಟಿಗೆಯೂ ಇಲ್ಲ, ಡಬ್ಬಿಯೂ ಇಲ್ಲ. ಬೆಳಿಗ್ಗೆ ಬೆಳಿಗ್ಗೆ ಕೈಗಾಡಿಯಲ್ಲಿ ಹೆಣಗಳನ್ನು ತಳ್ಳಿಕೊಂಡು ಹೋಗುತ್ತಿದ್ದರು. ಪಾರ್ಸೆಲ್ ಕೋಣೆಯ ಕಿಟಕಿ ಆ ಕಡೆಗೇ ಇತ್ತು. ಆಲ್ವಿನ್ ತನ್ನ ಸ್ಟೂಲನ್ನು ಕಿಟಕಿಗೆ ಬೆನ್ನಾಗಿ ಹಾಕಿಕೊಂಡಿದ್ದ.

ನಲವತ್ತೈದರ ಜನವರಿಯ ಒಂದು ಭಾನುವಾರ ಬೆಳಿಗ್ಗೆ ಬೆನೆಕೆ ಬಾಗಿಲಲ್ಲಿ ತಲೆ ತೂರಿಸಿ, "ಇರೋದನ್ನೆಲ್ಲ ಹಂಚಿಬಿಡು. ನಾಳೆ ಬೆಳಿಗ್ಗೆ ಶಿಬಿರ ಖಾಲಿ. ರಷ್ಯನ್ನರು ಬಂದ್ರು," ಎಂದು ಕೂಗಿ ಹೋದ. ಹೊರಗೆ ಮಂಡಿಯುದ್ದ ಹಿಮ. ದೂರದಲ್ಲಿ ಫಿರಂಗಿ ಸದ್ದು.

ಆಲ್ವಿನ್ ದಬ್ಬಳ ಎತ್ತಿಕೊಂಡ.

ಟುಲಕ್ ಡಬ್ಬಿಯ ಮೇಲೆ ಅಂಗೈ ಅಡ್ಡ ಇಟ್ಟ. "ಇವತ್ತು ಬೇಡ ಸಾಹುಕಾರ್ರೇ."

"ಕೈ ತೆಗಿ."

"ಕೇಳಿ ಇಲ್ಲಿ. ನಾಳೆಯಿಂದ ರಸ್ತೆ ಮೇಲೆ ಇರ್ತೀವಿ, ಎಷ್ಟು ವಾರವೋ ಯಾರಿಗೆ ಗೊತ್ತು. ಇವು ಹೀಗೇ ಇದ್ರೆ ಒಂದು ತಿಂಗಳು ನಮ್ಮ ಜೀವ ಹಿಡಿದಿಡ್ತವೆ. ಕಾಯಿಲೆಯವರೇ ಅರವತ್ತು ಜನ ಇದ್ದಾರೆ. ನೀವು ಅಂಗಡಿಯವರು, ನಿಮಗೆ ನಾನು ಹೇಳಿಕೊಡಬೇಕಾ?"

"ಆಜ್ಞೆ ಇದೆ."

"ಯಾರದ್ದು?"

"ಮೇಲಿಂದ ಬಂದಿದ್ದು," ಎಂದ ಆಲ್ವಿನ್.

ಮೇಲಿಂದ ಏನೂ ಬಂದಿರಲಿಲ್ಲ. ಬಾಗಿಲಿಗೆ ಅಂಟಿಸಿದ್ದ ಆ ಹಳೆಯ ನಿಯಮವೊಂದೇ. ಬೆನೆಕೆ ಹೇಳಿದ್ದು ಹಂಚು ಎಂದು ಮಾತ್ರ. ಅವನ ಕಚೇರಿ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಹೋಗಿ, ಇವತ್ತೂ ತೂತು ಹೊಡೆಯಬೇಕೇ ಎಂದು ಕೇಳಬಹುದಿತ್ತು. ಆಲ್ವಿನ್ ಕೇಳಲಿಲ್ಲ. ಕೇಳಿದರೆ ಬೈಗುಳ ತಿನ್ನಬೇಕಾದೀತು ಎಂಬ ಅಳುಕು ಒಂದು. ಅದಕ್ಕಿಂತ ಹೆಚ್ಚಾಗಿ, ಕೇಳಿದರೆ ಬೇಡ ಎಂದುಬಿಟ್ಟಾರು, ಆಗ ನಿಯಮ ಒಂದು ಹೇಳುತ್ತದೆ, ಹವಾಲ್ದಾರ ಒಂದು ಹೇಳುತ್ತಾನೆ, ನಾಳೆ ಯಾರಾದರೂ ತನ್ನನ್ನು ಪ್ರಶ್ನಿಸಿದರೆ ಏನು ಗತಿ ಎಂಬ ಲೆಕ್ಕಾಚಾರ. ತೂತು ಹೊಡೆದವನನ್ನು ಯಾರೂ ಏನೂ ಕೇಳುವುದಿಲ್ಲ. ಹೊಡೆಯದವನನ್ನು ಕೇಳಿಯಾರು. ಅಷ್ಟೇ. ಸಾಯಂಕಾಲದ ಒಳಗೆ ಅವನು ಎಂಟುನೂರಕ್ಕೂ ಮೇಲೆ ಡಬ್ಬಿಗಳಿಗೆ ಎರಡೆರಡು ತೂತು ಹೊಡೆದ. ಮೊಣಕೈ ಬಾತುಕೊಂಡಿತು. ಟುಲಕ್ ಆ ದಿನ ಒಂದೂ ತಮಾಷೆ ಮಾಡದೆ ಡಬ್ಬಿ ತಿರುಗಿಸಿ ಕೊಟ್ಟ. ಕೆಲಸ ಮುಗಿದಾಗ ಆಲ್ವಿನ್ನನಿಗೆ, ಹೇಳಲು ನಾಚಿಕೆಯಾಗುತ್ತದೆ, ಸಮಾಧಾನವೇ ಆಯಿತು.

ಮರುದಿನ ಬೆಳಿಗ್ಗೆ ಹೊರಡುವ ಸಾಲಿನಲ್ಲಿ ಬೆನೆಕೆ ಯಾರದೋ ಚೀಲದಿಂದ ಒಂದು ಡಬ್ಬಿ ಎತ್ತಿ ನೋಡಿದ. ಆಮೇಲೆ ಇನ್ನೊಂದು. ಆಲ್ವಿನ್ನನ ಹತ್ತಿರ ಬಂದು ಕಿವಿಯ ಬಳಿ ಬಾಗಿದ.

"ಇದನ್ನ ತೂತು ಮಾಡು ಅಂತ ನಿನಗೆ ಹೇಳಿದವರು ಯಾರು?"

"ನಿಯಮ ಇತ್ತಲ್ಲ, ಹವಾಲ್ದಾರ್ರೇ."

"ನಾನು ಹಂಚು ಅಂದೆ. ಶಿಬಿರಾನೇ ಇಲ್ಲ, ಇವನಿಗೆ ಶಿಬಿರದ ನಿಯಮ! ಕತ್ತೆ. ಯಾರಾದ್ರೂ ಮಾಡ್ತಾರಾ ಇಂಥ ಕೆಲಸ, ಅದೂ ಕೇಳದೆ?" ಎಂದು ಹೊಟ್ಟೆ ಕುಲುಕಿಸಿ ನಕ್ಕು ಮುಂದೆ ಹೋದ. ಅದನ್ನು ಕೇಳಿಸಿಕೊಂಡವನು ಆಲ್ವಿನ್ ಒಬ್ಬನೇ.

ಆಮೇಲಿನದು ರಸ್ತೆ. ದಿನಕ್ಕೆ ಇಪ್ಪತ್ತು ಕಿಲೋಮೀಟರು, ಕೆಲವು ದಿನ ಮೂವತ್ತು. ರಾತ್ರಿ ಹುಲ್ಲಿನ ಕಣಜವೋ ಇಟ್ಟಿಗೆ ಗೂಡೋ ಸಿಕ್ಕಿದ್ದರಲ್ಲಿ ಮಲಗುವುದು. ಬಿದ್ದವರನ್ನು ಎತ್ತುವವರಿಲ್ಲ. ಐದನೆಯ ದಿನ ಬೀಳುವ ಸರದಿ ಆಲ್ವಿನ್ನನದು. ಕಾಲು ಮುಂದೆ ಹೋಗಲೊಲ್ಲದು. ರಸ್ತೆ ಬದಿಯ ಮರಕ್ಕೆ ಒರಗಿ ಕೂತವನ ಮುಂದೆ ಟುಲಕ್‌ನ ಜಾರುಬಂಡಿ ಬಂದು ನಿಂತಿತು. ಕಾಯಿಲೆಯವರಿಗೆಂದು ಉಳಿಸಿದ ನಲವತ್ತು ಡಬ್ಬಿಗಳನ್ನು ಅವನು ಮಂಚದ ಹಲಗೆಗಳಿಂದ ಮಾಡಿದ ಆ ಬಂಡಿಯಲ್ಲಿ ಎಳೆಯುತ್ತಿದ್ದ.

"ಏಳಿ ಸಾಹುಕಾರ್ರೇ. ಇಲ್ಲಿ ಕೂತ್ರೆ ವ್ಯಾಪಾರ ಆಗಲ್ಲ."

"ನನ್ನ ಬಿಡು."

"ಬಿಟ್ರೆ ನಾಳೆ ಇನ್ಯಾರೋ ಕಾವಲಿಗೆ ಬರ್ತಾನೆ. ಅವನಿಗೆ ದಿನಸಿ ಗೊತ್ತಿರಲ್ಲ. ಕೊಡಿ ಚೀಲ. ಅದನ್ನೂ ಕೊಡಿ."

ಅದು ಎಂದರೆ ಬಂದೂಕು. ಕಾವಲಿನವನ ಬಂದೂಕು ಕೈದಿಯ ಜಾರುಬಂಡಿಯ ಮೇಲೆ, ಕಾವಲಿನವನ ಕೈ ಕೈದಿಯ ಹೆಗಲ ಮೇಲೆ. ಹೀಗೆ ಆಲ್ವಿನ್ ಮುಂದಿನ ಹಲವು ದಿನ ನಡೆದ. ಚಳಿ ಎಷ್ಟಿತ್ತೆಂದರೆ ಡಬ್ಬಿಯೊಳಗಿನ ಮಾಂಸ ಕಲ್ಲಾಗಿತ್ತು. "ನೋಡಿದ್ರಾ, ನಿಮ್ಮ ತೂತಿಗೆಲ್ಲ ದೇವರೇ ಬಿರಡೆ ಹಾಕಿದಾನೆ," ಎಂದು ಟುಲಕ್ ಮತ್ತೆ ತಮಾಷೆ ಶುರುಮಾಡಿದ. ಆಲ್ವಿನ್ ಆ ಮಾತಿಗೆ ಜೋತುಬಿದ್ದ. ಚಳಿ ಹೀಗೇ ಇರಲಿ ಎಂದು ಚಳಿಗೆ ಸಾಯುತ್ತಿದ್ದ ಜನರ ನಡುವೆ ಬೇಡಿಕೊಂಡ.

ಫೆಬ್ರವರಿ ಮೂರನೇ ತಾರೀಖು, ಒಂದು ಇಟ್ಟಿಗೆ ಗೂಡಿನಲ್ಲಿ ಆ ಮಧ್ಯಾಹ್ನ ನಿಲ್ಲಿಸಿದ್ದರು. ಯುದ್ಧ ಸೋತದ್ದು ಕಾವಲಿನವರಿಗೂ ಖಚಿತವಾಗಿ, ಒಬ್ಬೊಬ್ಬರೇ ಕೈದಿಗಳ ಹತ್ತಿರ ಹೋಗಿ ತಮ್ಮ ಬಗ್ಗೆ ಎರಡು ಒಳ್ಳೆಯ ಸಾಲು ಬರೆಸಿಕೊಳ್ಳುತ್ತಿದ್ದರು. ಆಲ್ವಿನ್ನನೂ ಕೇಳಿದ. ಟುಲಕ್ ಸಾಲ್ಮನ್ ಡಬ್ಬಿಯ ಚೀಟಿಯನ್ನು ಹಿಮದ ನೀರಲ್ಲಿ ನೆನೆಸಿ, ಬಿಡಿಸಿ, ಒಲೆಯ ಕಲ್ಲಿನ ಮೇಲೆ ಒಣಗಿಸಿದ. ಪೆನ್ಸಿಲ್ ನಾಲಗೆಗೆ ಒತ್ತಿಕೊಂಡು ಒಂದು ಕ್ಷಣ ತಡೆದ.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಭಾನುವಾರದ್ದು. ಅದು ಆಜ್ಞೆನೇ ತಾನೆ? ನಮ್ಮ ಹುಡುಗ್ರು ಅಲ್ಲ ಅಂತಾರೆ. ನಾನು ಅವರ ಹತ್ರ ಜಗಳ ಆಡಿದೀನಿ."

ಆಗ ಹೇಳಬಹುದಿತ್ತು. ಅಂಥ ಗಳಿಗೆ ಮನುಷ್ಯನಿಗೆ ಮತ್ತೆ ಸಿಗುವುದಿಲ್ಲ.

"ಹೌದು. ಆಜ್ಞೆ," ಎಂದ ಆಲ್ವಿನ್.

"ಅಷ್ಟೇ ಬೇಕಾಗಿದ್ದು," ಎಂದು ಟುಲಕ್ ಬರೆಯಲು ಕೂತ. ಬರೆದು ಕೊಟ್ಟು, "ಚೆನ್ನಾಗೇ ಬರೆದಿದೀನಿ ಸಾಹುಕಾರ್ರೇ. ಕೆಳಗೆ ಊರ ವಿಳಾಸಾನೂ ಇದೆ. ಬನ್ನಿ ಒಂದ್ಸಲ, ತೂತಿಲ್ಲದ ಡಬ್ಬಿ ತೆಗೆದು ಹಾಕ್ತೀನಿ," ಎಂದ. ಇಂಗ್ಲಿಷ್ ಬಾರದ ಆಲ್ವಿನ್ನನಿಗೆ ಅದರಲ್ಲಿ ಓದಲು ಬಂದದ್ದು ಎರಡು ಹೆಸರು ಮಾತ್ರ, ತನ್ನದು ಮತ್ತು ಅವನದು.

ಒಂದು ವಾರದ ಮೇಲೆ ಹಿಮ ಕರಗಿತು. ರಸ್ತೆ ಕೆಸರಾಗಿ ಜಾರುಬಂಡಿ ಬಿಡಬೇಕಾಯಿತು. ಡಬ್ಬಿಗಳನ್ನು ಚೀಲಗಳಿಗೆ ಹಂಚಿಕೊಂಡರು. ತೂತುಗಳಿಂದ ಹಾಲು, ಕೊಬ್ಬು ಸೋರಿ ಬಟ್ಟೆಯೆಲ್ಲ ಅಂಟಾಯಿತು. ಮೂರು ದಿನ ರೊಟ್ಟಿ ಬರಲಿಲ್ಲ. ನಾಲ್ಕನೆಯ ದಿನ ಒಂದು ಕಣಜದಲ್ಲಿ ಕಾಯಿಲೆಯವರು ನರಳುತ್ತಿದ್ದಾಗ ಟುಲಕ್ ಉಳಿದ ಡಬ್ಬಿಗಳನ್ನು ಸಾಲಾಗಿ ಇಟ್ಟುಕೊಂಡು ಕೂತ. ಯಾರೂ ಮುಟ್ಟಬೇಡಿ ಎಂದ. ಅಂಗಡಿಯವನು ಮೊದಲು ತಾನು ರುಚಿ ನೋಡಿ ಆಮೇಲೆ ಗಿರಾಕಿಗೆ ಕೊಡಬೇಕು ಎಂಬುದು ಅವನು ಹುಡುಗನಾಗಿದ್ದಾಗಿನಿಂದ ಕಲಿತ ಪಾಠ. ಮೂಗಿಗೆ ಹಿಡಿದರೆ ಕೆಲವು ಗೊತ್ತಾಗುತ್ತಿದ್ದವು, ಕೆಲವು ಗೊತ್ತಾಗುತ್ತಿರಲಿಲ್ಲ. ಗೊತ್ತಾಗದವನ್ನೆಲ್ಲ ಬೆರಳ ತುದಿಯಲ್ಲಿ ತೆಗೆದು ನೆಕ್ಕಿದ. ಹನ್ನೊಂದು ಡಬ್ಬಿ. ಅದರಲ್ಲಿ ಮೂರನ್ನು ಒಳ್ಳೆಯವೆಂದು ಕಾಯಿಲೆಯವರಿಗೆ ಕೊಟ್ಟ, ಮಿಕ್ಕವನ್ನು ಹಸಿದವರ ಕಣ್ಣೆದುರಿಗೇ ಗುಂಡಿಗೆ ಸುರಿದ. ಬಾಗಿಲಲ್ಲಿ ಬಂದೂಕು ಹಿಡಿದು ನಿಂತಿದ್ದ ಆಲ್ವಿನ್ ಅದಷ್ಟನ್ನೂ ನೋಡಿದ. ಆ ಸಲ ಮಾತ್ರ ಮುಖ ತಿರುಗಿಸಲು ಅವನಿಂದ ಆಗಲಿಲ್ಲ.

ಟುಲಕ್ ನಾಲ್ಕು ದಿನ ಒದ್ದಾಡಿದ. ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ, ಕೊನೆಗೆ ನೀರೂ ಸಹ. ಆಲ್ವಿನ್ ತನ್ನ ಲೋಟದಲ್ಲಿ ನೀರು ಹಿಡಿದು ಪಕ್ಕದಲ್ಲಿ ಕೂತಾಗ ಕಾಯಿಲೆಯವನ ಕಣ್ಣು ಗುಳಿಬಿದ್ದಿತ್ತು.

"ಮುಖ ಯಾಕೆ ಹಾಗೆ ಮಾಡ್ಕೊಂಡಿದೀರಾ? ನಿಮ್ಮ ತಪ್ಪಲ್ಲ ಬಿಡಿ ಸಾಹುಕಾರ್ರೇ. ಆಜ್ಞೆ ಅಂದ್ಮೇಲೆ ಆಜ್ಞೆ."

ಆಲ್ವಿನ್ ಲೋಟವನ್ನು ಅವನ ತುಟಿಗೆ ಹಿಡಿದ. ಮರುದಿನ ಮಧ್ಯಾಹ್ನ ಟುಲಕ್‌ನನ್ನು ದಾರಿಯ ಹಳ್ಳಿಯೊಂದರ ಚರ್ಚಿನ ಗೋಡೆಯ ಹೊರಗೆ ಹೂತರು.

ಪುರಸಭೆಯ ಮಹಡಿಯ ಕೋಣೆಯಲ್ಲಿ ಒಲೆ ಹೊತ್ತಿಸಿರಲಿಲ್ಲ. ಸಮಿತಿಯ ಅಧ್ಯಕ್ಷ ಬಡಗಿ ಟೋನೀಸ್. ಆಗ ಆಳುತ್ತಿದ್ದವರ ವಿರುದ್ಧ ಮಾತಾಡಿ ಮೂರು ವರ್ಷ ಜೈಲು ಕಂಡವನು. ಅವನ ಪಕ್ಕದಲ್ಲಿ, ಈಗ ಊರನ್ನು ಆಳುತ್ತಿದ್ದ ಬ್ರಿಟಿಷರ ದುಭಾಷಿ, ಸಾರ್ಜೆಂಟ್ ಪಿಂಡರ್, ಕೋಟಿನ ಕಾಲರ್ ಎತ್ತಿಕೊಂಡು ಕೂತಿದ್ದ.

"ರೋಡೆ, ನೀನು ಕಳ್ಳ ಅಲ್ಲ ಅಂತ ಊರಿಗೇ ಗೊತ್ತು," ಎಂದ ಟೋನೀಸ್. "ನನ್ನ ಹೆಂಡತಿಗೆ ಸಾಲಕ್ಕೆ ಹಿಟ್ಟು ಕೊಟ್ಟಿದ್ದೀಯ, ನಾನು ಒಳಗಿದ್ದಾಗ. ಹಾಗೇ ಕೋಟಿಗೆ ಆ ಪಾರ್ಟಿ ಬಿಲ್ಲೆ ಚುಚ್ಕೊಂಡು ಅಂಗಡೀಲಿ ನಿಂತಿದ್ದೂ ಗೊತ್ತು. ಶಿಬಿರದಲ್ಲಿ ಏನು ಮಾಡಿದೆ ಅಂತ ಮಾತ್ರ ಗೊತ್ತಿಲ್ಲ. ಏನಾದ್ರೂ ತಂದಿದ್ದೀಯಾ?"

ಇಲ್ಲ ಎಂದುಬಿಡಬೇಕೆಂದೇ ಆಲ್ವಿನ್ ಮೆಟ್ಟಿಲು ಹತ್ತಿದ್ದ. ಆದರೆ ಹಲಗೆ ಬಡಿದ ಕಿಟಕಿ ಕಣ್ಣಮುಂದೆ ಬಂತು. ಕೈ ತಾನಾಗಿ ಜೇಬಿಗೆ ಹೋಯಿತು.

ಪಿಂಡರ್ ಚೀಟಿಯ ಮೇಲಿನ ಮೀನನ್ನು ನೋಡಿ ನಸುನಕ್ಕ. ತಿರುಗಿಸಿ ಒಮ್ಮೆ ತನಗೆ ತಾನೇ ಓದಿಕೊಂಡ. ಆಮೇಲೆ ನಗು ಇರಲಿಲ್ಲ. ಜರ್ಮನ್ ಭಾಷೆಯಲ್ಲಿ ಮೆಲ್ಲಗೆ, ಒಂದೊಂದೇ ಸಾಲು ಹೇಳತೊಡಗಿದ.

"ಇದನ್ನ ಓದೋರಿಗೆ. ಆಲ್ವಿನ್ ರೋಡೆ ನಮ್ಮ ಡಬ್ಬಿಗಳಿಗೆ ತೂತು ಹೊಡೆದ, ಯಾಕಂದ್ರೆ ಅವನಿಗೆ ಹಾಗೆ ಆಜ್ಞೆ ಇತ್ತು. ಅದು ಅವನ ತಪ್ಪು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ನಾನೇ ಅವನನ್ನ ಕೇಳಿದೀನಿ. ನಮ್ಮ ಪೆಟ್ಟಿಗೆಯಿಂದ ಒಂದು ಚೂರೂ ತಿಂದವನಲ್ಲ. ಅವನು ಅಂಗಡಿಯವನು, ಅಂಗಡಿಯವರಲ್ಲಿ ಒಳ್ಳೆಯವನು. ಅವನ ಅಂಗಡಿ ಇನ್ನೂ ನಿಂತಿದ್ರೆ ದಯವಿಟ್ಟು ಅವನಿಗೇ ಕೊಡಿ. ಮ್ಯಾಗ್ನಸ್ ಟುಲಕ್, ಕಾರ್ಪೋರಲ್."

ಆಲ್ವಿನ್ನನ ಮುಖ ಕಿವಿತನಕ ಸುಡುತ್ತಿತ್ತು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಎದುರಿಗಿದ್ದವರು ಅದನ್ನು ವಿನಯ ಎಂದುಕೊಂಡರು.

"ಇಂಥ ಕಾಗದ ನೂರು ನೋಡಿದೀನಿ," ಎಂದ ಪಿಂಡರ್. "ಅರ್ಧಕ್ಕರ್ಧ ಹೆದರಿಸಿ ಬರೆಸಿದ್ದು. ಇದು ಹಾಗಲ್ಲ. ಈ ಟುಲಕ್ ಈಗ ಎಲ್ಲಿದ್ದಾನೆ?"

"ಊರಿಗೆ ಹೋದ," ಎಂದ ಆಲ್ವಿನ್.

ಬಾಯಿಂದ ಬಿದ್ದ ಮೇಲೆ ಅವನಿಗೇ ಗಾಬರಿಯಾಯಿತು. ಸತ್ತ ಎಂದರೆ ಹೇಗೆ ಎಂದು ಕೇಳುತ್ತಾರೆ. ಹೇಗೆ ಎಂದರೆ ಡಬ್ಬಿ. ಆ ಒಂದು ಪ್ರಶ್ನೆಗೆ ಹೆದರಿ ಸತ್ತವನನ್ನು ಊರಿಗೆ ಕಳಿಸಿಬಿಟ್ಟಿದ್ದ.

"ಒಳ್ಳೇದಾಯ್ತು. ವಿಳಾಸ ಇದೆಯಲ್ಲ, ನಾನೇ ಅವನಿಗೆ ಬರೀತೀನಿ, ಅವನ ಮಾತು ನಡೀತು ಅಂತ," ಎಂದು ಪಿಂಡರ್ ಎದ್ದು ನಿಂತು ಕೈ ಚಾಚಿದ. ಟೋನೀಸ್ ಮುದ್ರೆ ಒತ್ತಿದ.

ಡಿಸೆಂಬರಿನಲ್ಲಿ ಕಿಟಕಿಯ ಹಲಗೆ ಕಿತ್ತರು. ಮಾರಲು ಹೆಚ್ಚೇನೂ ಇರಲಿಲ್ಲ; ಪಡಿತರದ ಹಿಟ್ಟು, ಉಪ್ಪು, ಕಾಫಿಯೆಂದು ಹೇಳಿಕೊಳ್ಳುವ ಹುರಿದ ಬಾರ್ಲಿ. ಆದರೂ ಬಾಗಿಲ ಗಂಟೆ ಮತ್ತೆ ಸದ್ದು ಮಾಡುತ್ತಿತ್ತು. ಮೇಟಾ ಹತ್ತು ವರ್ಷ ಚಿಕ್ಕವಳಾದಳು. ಸಾಲಿನಲ್ಲಿ ನಿಂತವರಿಗೆಲ್ಲ ಆ ಇಂಗ್ಲಿಷ್ ಚೀಟಿಯ ಕಥೆ ಹೇಳುತ್ತಿದ್ದಳು. ಆಲ್ವಿನ್ ಆಗೆಲ್ಲ ಉಗ್ರಾಣಕ್ಕೆ ಹೋಗಿ ನಿಲ್ಲುತ್ತಿದ್ದ.

ಫೆಬ್ರವರಿಯಲ್ಲಿ ಆ ಚಳಿಗಾಲದ ಹಸಿವು ಎಲ್ಲರ ಮನೆಯಲ್ಲೂ ಕೂತಿದ್ದಾಗ ಒಂದು ಪಾರ್ಸೆಲ್ ಬಂತು. ಹೊಲಿದ ಗೋಣಿಬಟ್ಟೆ, ಬ್ರಿಟಿಷ್ ಅಂಚೆಚೀಟಿ. ಮೇಟಾ ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿದಳು. ಗೋಮಾಂಸದ ಡಬ್ಬಿ ಮೂರು, ಗಟ್ಟಿಹಾಲು ನಾಲ್ಕು, ಸಾಲ್ಮನ್ ಎರಡು, ಕೆಂಪು ಮೀನಿನ ಚಿತ್ರದ್ದು.

"ಅಯ್ಯೋ ದೇವ್ರೇ," ಎಂದು ಮೇಟಾ ಕುರ್ಚಿಯ ಮೇಲೆ ಕುಸಿದಳು. "ನಿನ್ನ ಇಂಗ್ಲಿಷಿನವನು! ಮರೆತಿಲ್ಲ ನೋಡು. ಕಾಗದ ಬೇರೆ ಇದೆ. ನಮ್ಮ ಭಾಷೇಲೇ ಬರೆದಿದಾನೆ, ಓದು."

ಬರೆದದ್ದು ಅವನ ಅಕ್ಕ ಇಸೊಬೆಲ್. ಜರ್ಮನ್ ಭಾಷೆಗೆ ಮಾಡಿಕೊಟ್ಟದ್ದು ಅಲ್ಲಿನ ಶಾಲೆಯ ಮೇಷ್ಟರು. ಆಲ್ವಿನ್ ಮನಸ್ಸಿನಲ್ಲೇ ಓದಿಕೊಂಡ.

'ಸಾರ್ಜೆಂಟರ ಕಾಗದ ತಲುಪಿತು. ಮ್ಯಾಗ್ನಸ್ ಊರಿಗೆ ಹೋದನೆಂದು ನೀವು ಹೇಳಿದಿರಂತೆ. ನಿಮಗೆ ಸುದ್ದಿ ಮುಟ್ಟಿರಲಿಕ್ಕಿಲ್ಲ. ಅವನು ಬರಲಿಲ್ಲ. ದಾರಿಯಲ್ಲಿ ಕಾಯಿಲೆಯಿಂದ ತೀರಿಕೊಂಡ ಎಂದು ಪಟ್ಟಾಳದವರು ತಿಳಿಸಿದರು, ಅದಕ್ಕಿಂತ ಹೆಚ್ಚಿನದು ನಮಗೆ ಗೊತ್ತಿಲ್ಲ. ನೀವಿಬ್ಬರೂ ಅದಕ್ಕೆ ಮುಂಚೆಯೇ ಬೇರೆಯಾಗಿರಬೇಕು. ಅಲ್ಲಿಯವರೆಗೆ ಒಬ್ಬ ಒಳ್ಳೆಯ ಮನುಷ್ಯ ಜೊತೆಗಿದ್ದನಲ್ಲ ಎಂದು ಅಮ್ಮ ಸಮಾಧಾನ ಪಟ್ಟುಕೊಂಡಿದ್ದಾಳೆ. ಅವಳು ಒಂದೇ ಒಂದು ವಿಷಯ ಕೇಳು ಎನ್ನುತ್ತಾಳೆ. ನೀವು ಜೊತೆಗಿದ್ದಾಗ ಅವನಿಗೆ ಊಟಕ್ಕೆ ಇತ್ತೇ? ಅವನ ಕೌಂಟರಿನಲ್ಲಿ ಈಗ ನಾನು ನಿಲ್ಲುತ್ತೇನೆ. ಈ ಡಬ್ಬಿಗಳು ಅಲ್ಲಿಯವೇ. ಒಂದೂ ನಗ್ಗಿಲ್ಲ, ನಾನೇ ಆರಿಸಿದೆ.'

"ಏನಂತೆ?" ಎಂದಳು ಮೇಟಾ. ಅವಳಾಗಲೇ ಹಾಲಿನ ಡಬ್ಬಿಯನ್ನೂ ಮೊಳೆ ಸುತ್ತಿಗೆಯನ್ನೂ ಅವನ ಮುಂದೆ ಇಟ್ಟಿದ್ದಳು. "ಆಮೇಲೆ ಓದುವೆಯಂತೆ. ಎರಡು ತೂತು ಹೊಡೆದುಕೊಡು, ಬಾರ್ಲಿ ಕಾಫಿಗೆ ಒಂದು ತೊಟ್ಟು ಹಾಕ್ಕೊಳ್ಳೋಣ. ನಿನಗೆ ಕೈ ಚೆನ್ನಾಗಿ ಕೂತಿದೆ."

ಆಲ್ವಿನ್ ಡಬ್ಬಿಯನ್ನು ಕೈಗೆ ತೆಗೆದುಕೊಂಡ. ತಣ್ಣಗಿತ್ತು, ನುಣ್ಣಗಿತ್ತು, ಭಾರವಾಗಿತ್ತು. ಅದನ್ನು ಮೇಜಿನ ಮೇಲಿಟ್ಟು ಹೇಳಲು ಶುರುಮಾಡಿದ. ಭಾನುವಾರ, ಇಪ್ಪತ್ತು ಹೆಜ್ಜೆ, ಬೆನೆಕೆಯ ನಗು, ಇಟ್ಟಿಗೆ ಗೂಡು, ಹನ್ನೊಂದು ಡಬ್ಬಿ. ಮಧ್ಯೆ ಎರಡು ಸಲ ಅಂಗಡಿಯ ಗಂಟೆ ಸದ್ದು ಮಾಡಿತು. ಇಬ್ಬರೂ ಏಳಲಿಲ್ಲ.

ಮೇಟಾ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡು ತಾನೂ ಓದಿದಳು.

"ನಾನು ಅದಕ್ಕೆ ಇಸ್ತ್ರಿ ಹಾಕಿದೆ," ಎಂದಳು ಕೊನೆಗೆ. "ಊರೆಲ್ಲ ಹೇಳ್ಕೊಂಡು ಬಂದೆ."

"ಮೇಟಾ..."

"ಏನೂ ಹೇಳಬೇಡ ನನಗೆ. ನನಗೆ ಹೇಳಿ ಏನು ಬಂತು? ಅವರಮ್ಮ ಕೇಳಿದಾಳೆ, ಅವಳಿಗೆ ಹೇಳು."

"ಹೇಳಿದ್ರೆ ಆ ಸಾರ್ಜೆಂಟಿಗೂ ಗೊತ್ತಾಗುತ್ತೆ. ಅಂಗಡಿ ಹೋಗುತ್ತೆ."

"ಹೋಗುತ್ತೆ," ಎಂದಳು ಮೇಟಾ. ಎದ್ದು, ಒಂಬತ್ತು ಡಬ್ಬಿಗಳನ್ನೂ ಒಂದೊಂದಾಗಿ ಒರೆಸಿ ಗೋಡೆಯ ಹಲಗೆಯ ಮೇಲೆ ಜೋಡಿಸಿದಳು. ಮೊಳೆ ಸುತ್ತಿಗೆಯನ್ನು ಡ್ರಾಯರಿಗೆ ಹಾಕಿದಳು. ಬಾರ್ಲಿ ಕಾಫಿಯನ್ನು ಹಾಲಿಲ್ಲದೆಯೇ ಅವನ ಮುಂದಿಟ್ಟು, ಪಕ್ಕದಲ್ಲಿ ಕಾಗದ ಮತ್ತು ಪೆನ್ಸಿಲ್ ಇಟ್ಟು ಅಂಗಡಿಗೆ ಹೋದಳು.

ಆಲ್ವಿನ್ ಮೂರು ಹಾಳೆ ಹರಿದ. ಮೊದಲನೆಯದರಲ್ಲಿ ಯುದ್ಧದ ಬಗ್ಗೆ ಬರೆದಿದ್ದ, ಎರಡನೆಯದರಲ್ಲಿ ಚಳಿಯ ಬಗ್ಗೆ, ಮೂರನೆಯದರಲ್ಲಿ ನಿಯಮದ ಬಗ್ಗೆ. ಮೂರರಲ್ಲೂ ತಾನು ಎಲ್ಲೂ ಇರಲಿಲ್ಲ. ನಾಲ್ಕನೆಯದು ಕೆಲವೇ ಸಾಲು ಬಂತು. ಅದನ್ನು ಓದಿ ನೋಡದೆ ಲಕೋಟೆಗೆ ಹಾಕಿದ, ಓದಿದರೆ ಕಳಿಸಲಾರೆನೆಂದು ಗೊತ್ತಿತ್ತು.

'ಅಮ್ಮನಿಗೆ ಹೇಳಿ. ಊಟಕ್ಕೆ ಇತ್ತು. ಒಂದು ತಿಂಗಳಿಗೆ ಆಗುವಷ್ಟು ಡಬ್ಬಿಗಳಿದ್ದವು. ನಾನು ಎಲ್ಲವಕ್ಕೂ ತೂತು ಹೊಡೆದಿದ್ದರಿಂದ ಕೆಟ್ಟುಹೋದವು. ಬೇರೆಯವರು ತಿನ್ನಬಾರದೆಂದು ಮ್ಯಾಗ್ನಸ್ ತಾನೇ ರುಚಿ ನೋಡಿ ಸತ್ತ. ನಾನು ಅಲ್ಲೇ ಇದ್ದೆ. ಆಜ್ಞೆ ಇತ್ತೆಂದು ಅವನಿಗೆ ಹೇಳಿದೆ. ಅವನು ನಂಬಿದ. ಇರಲಿಲ್ಲ. ಹಾಗೆ ಮಾಡು ಎಂದು ನನಗೆ ಯಾರೂ ಹೇಳಿರಲಿಲ್ಲ.'